ನೆಲ್ಲಿಕುಂಜೆಯಲ್ಲಿ ಮನೆ ಕೊಂಡು ಎರಡು ಬೇಸಿಗೆ ಕಳೆಯಿತು

ಸ್ಟಾರ್ ಕೊಡಲೇಬೇಕು ಎಂದರೆ ಐದರಲ್ಲಿ ಮೂರೂವರೆ. ಮಳೆಗಾಲದಲ್ಲಿ ಕೇಳಿದ್ದರೆ ನಾಲ್ಕು ಅನ್ನುತ್ತಿದ್ದೆ. ಏಪ್ರಿಲ್‌ನಲ್ಲಿ ಕೇಳಿದ್ದರೆ ಎರಡು, ಅದೂ ದಾಕ್ಷಿಣ್ಯಕ್ಕೆ.

ಕಾಸರಗೋಡಲ್ಲಿ ಕಡಲ ಬದಿ ಜಾಗ ತೆಗೆದುಕೊಳ್ಳಬಹುದಾ ಅಂತ ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ. ನಾನು ಕನ್ನಡ ಟೀಚರ್, ತವರು ಬದಿಯಡ್ಕದ ಹತ್ತಿರ. ನಮ್ಮ ಮನೆಯವರಿಗೆ ಕೆಲಸ ಮಂಗಳೂರಲ್ಲಿ. ಒಂಬತ್ತು ವರ್ಷ ಕಾಸರಗೋಡಿನ ವಿದ್ಯಾನಗರದಲ್ಲಿ ಬಾಡಿಗೆಗೆ ಇದ್ದೆವು. ಆಮೇಲೆ ನೆಲ್ಲಿಕುಂಜೆಯಲ್ಲಿ ಆರು ಸೆಂಟ್ಸ್ ಜಾಗ ಸಿಕ್ಕಿತು. ಅದರಲ್ಲಿ ಒಂದು ಹಳೇ ಹೆಂಚಿನ ಮನೆ, ಒಂದು ಬಾವಿ, ಮೂರು ತೆಂಗು. ಗೇಟಿನಿಂದ ಸಮುದ್ರಕ್ಕೆ ನಡೆದರೆ ಏಳು ನಿಮಿಷ.

ಬೆಂಗಳೂರು ಕಡೆಯವರಿಗೆ ಮೊದಲು ಈ ಸೆಂಟ್ಸ್ ಲೆಕ್ಕ. ನೂರು ಸೆಂಟ್ಸ್ ಸೇರಿದರೆ ಒಂದು ಎಕರೆ, ಒಂದು ಸೆಂಟ್ ಅಂದರೆ 435.6 ಚದರ ಅಡಿ. ನಿಮ್ಮ 30-40 ಸೈಟ್ ಇಲ್ಲಿಯ ಲೆಕ್ಕದಲ್ಲಿ ಎರಡೂಮುಕ್ಕಾಲು ಸೆಂಟ್ಸ್. ಆರು ಸೆಂಟ್ಸ್ ಅಂದಾಗ 'ಅಷ್ಟೇನಾ?' ಅಂತ ಮುಖ ಮಾಡುವವರಿಗೆ ಇದನ್ನು ಹೇಳುತ್ತೇನೆ.

ನಾವು ಮಾಡಿದ ದೊಡ್ಡ ತಪ್ಪು, ಮನೆ ನೋಡಲು ಡಿಸೆಂಬರ್‌ನಲ್ಲಿ ಹೋದದ್ದು. ಡಿಸೆಂಬರ್‌ನಲ್ಲಿ ಕಾಸರಗೋಡಿನಷ್ಟು ಚಂದದ ಊರು ಬೇರೆ ಇಲ್ಲ. ಬೆಳಿಗ್ಗೆ ತಂಪು ಗಾಳಿ, ಹಿತ್ತಿಲೆಲ್ಲ ಹಸಿರು, ಬಾವಿಯಲ್ಲಿ ಕೈಗೆ ಎಟುಕುವಷ್ಟು ನೀರು. ಬ್ರೋಕರ್ ಬಹಳ ಒಳ್ಳೆಯ ಮನುಷ್ಯ ಅನಿಸಿತು. ನಾವು ಗೇಟು ದಾಟುವ ಮೊದಲೇ ಒಬ್ಬ ಹುಡುಗನನ್ನು ಮರಕ್ಕೆ ಹತ್ತಿಸಿ ಎಳನೀರು ಕೊಚ್ಚಿಸಿ ಕೈಗೆ ಕೊಟ್ಟರು. ಬಾವಿಗೆ ಬಗ್ಗಿ ನೋಡಿದೆವು, 'ನೀರು ಎಷ್ಟು ತಿಳಿ ಉಂಟಲ್ವಾ!' ಅಂದೆವು. ಕುಡಿದದ್ದು ಮಾತ್ರ ಎಳನೀರು. ಆವತ್ತು ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಇದಕ್ಕಿಂತ ಮೊದಲು ಬೇರೊಂದು ಜಾಗ ನೋಡಿ ಬಿಟ್ಟಿದ್ದೆವು, ಅದನ್ನೂ ಹೇಳಬೇಕು. ಪೇಟೆಗೆ ಹತ್ತಿರ, ಬೆಲೆ ಕಡಿಮೆ, ಸಮತಟ್ಟು ಜಾಗ, ಮಣ್ಣು ತುಂಬಿಸಿ ಕಲ್ಲು ಕಟ್ಟಿ ಚೊಕ್ಕ ಮಾಡಿಟ್ಟಿದ್ದರು. ತೀರ್ವೆ (ಭೂಕಂದಾಯ) ರಶೀದಿ ನೋಡಿದರೆ ಜಾಗದ ಬಗೆ 'ನಿಲಂ' ಅಂತ ಇತ್ತು. ನಿಲಂ ಅಂದರೆ ಗದ್ದೆ. ಮನೆ ಕಟ್ಟುವ ಜಾಗ ಆದರೆ 'ಪುರಯಿಡಂ' ಅಂತ ಇರಬೇಕು. ಕೇರಳದಲ್ಲಿ 2008ರಲ್ಲಿ ಗದ್ದೆ ಮತ್ತು ಜೌಗು ಜಾಗ ಉಳಿಸುವ ಕಾನೂನು ಬಂದಿದೆ, ಗದ್ದೆಗಳ ಪಟ್ಟಿಗೆ ಡಾಟಾ ಬ್ಯಾಂಕ್ ಅನ್ನುತ್ತಾರೆ. ನಿಮ್ಮ ಸರ್ವೆ ನಂಬರ್ ಅದರಲ್ಲಿ ಇದ್ದರೆ ಫಾರಂ 5 ಹಾಕಿ ಮೊದಲು ಅದರಿಂದ ಬಿಡಿಸಿಕೊಳ್ಳಬೇಕು. ಪಟ್ಟಿಯಲ್ಲಿ ಇಲ್ಲದೆ ರಿಜಿಸ್ಟರಿನಲ್ಲಿ ಮಾತ್ರ ನಿಲಂ ಅಂತ ಇದ್ದರೆ ಫಾರಂ 6. ಎರಡಕ್ಕೂ ಓಡಾಟ ಉಂಟು. ಮಣ್ಣು ತುಂಬಿದ ಮಾತ್ರಕ್ಕೆ ಗದ್ದೆ ಹಿತ್ತಿಲಾಗುವುದಿಲ್ಲ. ಕಾಸರಗೋಡಲ್ಲಿ ಅಡ್ಕತ್ತಬೈಲು, ಬೀರಂತಬೈಲು ಅಂತ ಎಷ್ಟು ಬೈಲುಗಳಿವೆ ನೋಡಿ. ಬೈಲು ಅಂದರೆ ಏನು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾ? ಈಗ ಅಲ್ಲೆಲ್ಲ ಮನೆಗಳೇ ತುಂಬಿವೆ, ಎಲ್ಲ ಜಾಗವೂ ತಕರಾರಿನದ್ದು ಅಂತ ಅಲ್ಲ. ಹೆಸರಲ್ಲಿ ಬೈಲು ಕಂಡರೆ ಒಂದು ಸಲ ಡಾಟಾ ಬ್ಯಾಂಕ್ ನೋಡಿಬಿಡಿ, ಅಷ್ಟೇ.

ಕಾಗದದ ಭಾಷೆ ಇನ್ನೊಂದು ತಲೆನೋವು. ಇಲ್ಲಿ ಕ್ರಯಪತ್ರಕ್ಕೆ 'ಆಧಾರ' ಅನ್ನುತ್ತಾರೆ (ನಿಮ್ಮ ಜೇಬಿನ ಆಧಾರ್ ಕಾರ್ಡ್ ಬೇರೆ, ಮೊದಲ ದಿನ ನಮ್ಮ ಮನೆಯವರು ಅದನ್ನೇ ತೆಗೆದು ಕೊಟ್ಟಿದ್ದರು). ಜಾಗದ ಮೇಲೆ ಸಾಲ, ಋಣ ಉಂಟಾ ಅಂತ ತೋರಿಸುವ ಇಸಿಗೆ ಕುಡಿಕ್ಕಡ. ನಮ್ಮ ಹೆಸರಿಗೆ ಖಾತೆ ಬದಲಾಗುವುದಕ್ಕೆ ಪೋಕುವರವು. ಹಿಂದಿನ ಕ್ರಯಪತ್ರಕ್ಕೆ ಮುನ್ನಾಧಾರ. ಬ್ಯಾಂಕ್ ಸಾಲ ಬೇಕಿದ್ದರೆ ಇವುಗಳ ಜೊತೆ ಜಾಗ ಯಾರ ಸ್ವಾಧೀನದಲ್ಲಿದೆ ಅಂತ ಹೇಳುವ ಕೈವಶ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್. ಎಲ್ಲ ಮಲಯಾಳದಲ್ಲಿ. ಮಾತಾಡುವ ಮಲಯಾಳ ನನಗೆ ಬರುತ್ತದೆ, ಆಧಾರದ ಮಲಯಾಳ ಮಲಯಾಳಿಗಳಿಗೇ ಬರುವುದಿಲ್ಲ. ಒಂದು ವಿಷಯ ಗೊತ್ತಿರಲಿ, ನಾವು ಇಲ್ಲಿ ಭಾಷಾ ಅಲ್ಪಸಂಖ್ಯಾತರು, 1969ರ ಕೇರಳದ ಆಡಳಿತ ಭಾಷಾ ಕಾನೂನಿನ ಪ್ರಕಾರ ನಮ್ಮ ಕಡೆಯ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ಉಂಟು. ನಾನು ಒಂದು ಕಚೇರಿಯಲ್ಲಿ ಹಟ ಹಿಡಿದು ಕನ್ನಡದಲ್ಲೇ ಬರೆದು ಕೊಟ್ಟೆ. ತೆಗೆದುಕೊಂಡರು. ಆಮೇಲೆ ಅದು ಎಲ್ಲಿ ಹೋಯಿತು ಅಂತ ಹುಡುಕಲು ನಾಲ್ಕು ಸಲ ಹೋದೆ, ಐದನೇ ಸಲ ಮಲಯಾಳದಲ್ಲಿ ಬರೆಸಿಕೊಟ್ಟೆ. ಹಕ್ಕು ಬಿಟ್ಟ ಬೇಜಾರು ಈಗಲೂ ಉಂಟು.

ಆದರೆ ನಮ್ಮ ಜಾಗದ ಮುನ್ನಾಧಾರಗಳಲ್ಲಿ ಎಲ್ಲಕ್ಕಿಂತ ಹಳೆಯದು ಕನ್ನಡದ್ದು. 1941ನೇ ಇಸವಿಯದ್ದು. ಆಗ ಕಾಸರಗೋಡು ಮದ್ರಾಸಿನ ಕೆಳಗೆ, ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಡಿಸಿದಲ್ಲೆಲ್ಲ ಹರಿದು ಹೋಗಿತ್ತು. ಆಧಾರ ಬರೆಯುವವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, 'ಟೀಚರೇ, ನೀವೇ ಓದಿ' ಅಂದರು. ನಾನು ಮೇಜಿನ ಈ ಬದಿ ಕೂತು ಜೋರಾಗಿ ಓದಿದೆ, ಅವರು ಆ ಬದಿ ಕೂತು ಮಲಯಾಳದಲ್ಲಿ ಗುರುತು ಹಾಕಿಕೊಂಡರು. ಮೂಡು, ತೆಂಕು, ಪಡು, ಬಡಗು ಗಡಿ, ಎಷ್ಟು ತೆಂಗು, ಎಷ್ಟು ಅಡಿ ದಾರಿ. ಕೊನೆಗೆ ಒಂದು ಸಾಲು. ಮೂಡು ಬದಿಯ ಮನೆಯ ಬಾವಿಯಿಂದ ಸೆಖೆಗಾಲದಲ್ಲಿ ಕುಡಿಯುವ ನೀರು ಕೊಂಡು ಬರುವ ಮಾಮೂಲು ಹಕ್ಕು ಈ ಜಾಗಕ್ಕೆ ಉಂಟು ಅಂತ. ಮಧ್ಯದ ಎರಡು ಮಲಯಾಳ ಆಧಾರಗಳಲ್ಲಿ ಆ ಸಾಲು ಬಿಟ್ಟು ಹೋಗಿತ್ತು. 'ಇದು ಬೇಕಾ?' ಅಂತ ಅವರು ಕೇಳಿದರು. 'ಬೇಡ, ನಮಗೇ ಬಾವಿ ಉಂಟಲ್ಲ' ಅಂದೆ. ನೆನಪಾದರೆ ಈಗಲೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಖರ್ಚು ಹೇಳುತ್ತೇನೆ. ಕೇರಳದಲ್ಲಿ ಸ್ಟಾಂಪ್ ಡ್ಯೂಟಿ 8 ಪರ್ಸೆಂಟ್, ರಿಜಿಸ್ಟ್ರೇಶನ್ ಫೀಸು 2 ಪರ್ಸೆಂಟ್. 45 ಲಕ್ಷದ ಆಧಾರ ಆದರೆ ನಾಲ್ಕೂವರೆ ಲಕ್ಷ ಸರ್ಕಾರಕ್ಕೆ. ಜಾಗಕ್ಕೆ ಸರ್ಕಾರ ಇಟ್ಟ ಬೆಲೆಗೆ ಇಲ್ಲಿ 'ಫೇರ್ ವ್ಯಾಲ್ಯೂ' ಅನ್ನುತ್ತಾರೆ, ನೀವು ಅದಕ್ಕಿಂತ ಕಡಿಮೆಗೆ ಕೊಂಡರೂ ಡ್ಯೂಟಿ ಅದರ ಮೇಲೆಯೇ. ಇದರ ಮೇಲೆ ಆಧಾರ ಬರೆಯುವವರ ಫೀಸು, ಬ್ರೋಕರಿನದ್ದು. ಬಜೆಟ್ ಮಾಡುವಾಗ ಜಾಗದ ಬೆಲೆಗೆ ಹನ್ನೆರಡು ಪರ್ಸೆಂಟ್ ಸೇರಿಸಿಯೇ ಲೆಕ್ಕ ಹಾಕಿ.

ಹಣಕ್ಕಿಂತ ಜಾಸ್ತಿ ಕಾಡಿದ್ದು ಸಹಿಗಳು. ಮಾರುವವರು ಅಣ್ಣತಮ್ಮ ಅಕ್ಕತಂಗಿ ಸೇರಿ ಐದು ಜನ. ಇಬ್ಬರು ಗಲ್ಫಿನಲ್ಲಿ. ಕಾಸರಗೋಡಲ್ಲಿ ಇದು ಮಾಮೂಲಿ, ಪೂರ್ತಿ ಕುಟುಂಬ ಊರಲ್ಲೇ ಇರುವ ಜಾಗ ಸಿಕ್ಕಿದರೆ ನಿಮ್ಮ ಪುಣ್ಯ. ಅವರು ಅಲ್ಲಿಯ ಭಾರತದ ಕಚೇರಿಗೆ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಬೇಕು, ಕಾಗದ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಆಗಬೇಕು. ಒಬ್ಬರ ಕಾಗದದಲ್ಲಿ ಸರ್ವೆ ನಂಬರಿನ ಒಂದು ಅಂಕೆ ತಪ್ಪಿತ್ತು. ಮತ್ತೆ ಮಾಡಿಸಿ ಬರುವಾಗ ಎರಡು ತಿಂಗಳು. ಅಷ್ಟರಲ್ಲಿ ಮಾರ್ಚ್ ಆಗಿತ್ತು, ರಿಜಿಸ್ಟ್ರೇಶನ್ ಮುಗಿದು ಮನೆಯೊಕ್ಕಲು ಮಾಡಿ ಸಾಮಾನು ಇಳಿಸಿದ್ದು ಜೂನಿನಲ್ಲಿ. ಮತ್ತೆ ಬಾವಿ ತುಂಬಿತ್ತು. ನೋಡಿ, ಆ ವರ್ಷದ ಸೆಖೆಗಾಲ ನಮಗೆ ಕಾಣಿಸದ ಹಾಗೆ ಯಾರೋ ಏರ್ಪಾಡು ಮಾಡಿದ ಹಾಗಿತ್ತು.

ಬದುಕಲು ಊರು ಹೇಗೆ? ಒಳ್ಳೆಯದು, ಎದೆ ತಟ್ಟಿ ಹೇಳುತ್ತೇನೆ. ನಮ್ಮ ಒಂದು ಓಣಿಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಉಂಟು. ನನ್ನ ಮಗಳು ಗೇಟಿನ ಒಳಗೆ ಒಂದು ಭಾಷೆ, ಹೊರಗೆ ಮೂರು ಭಾಷೆ ಮಾತಾಡುತ್ತಾಳೆ. ಬೆಳಿಗ್ಗೆ ಬಾಂಗಿನ ಜೊತೆ ಏಳುವುದು, ಸ್ವಲ್ಪ ಹೊತ್ತಿಗೆ ಭಗವತಿ ಕ್ಷೇತ್ರದ ಹಾಡು. ಉರೂಸಿನ ದಿನಗಳಲ್ಲಿ ಓಣಿಗೆ ಸ್ಕೂಟರ್ ಕೂಡ ಬರುವುದಿಲ್ಲ, ಕಳಿಯಾಟದ (ತೆಯ್ಯಂ ಉತ್ಸವದ) ರಾತ್ರಿ ಚೆಂಡೆ ಸದ್ದಿಗೆ ನಿದ್ದೆ ಇಲ್ಲ. ಸದ್ದು ಆಗದವರಿಗೆ ಈ ಜಾಗ ಆಗುವುದಿಲ್ಲ. ಮೀನಂತೂ ಕೇಳಬೇಡಿ. ದೋಣಿ ಬರುವ ಹೊತ್ತಿಗೆ ಕಡಪ್ಪುರಕ್ಕೆ (ಕಡಲ ದಡಕ್ಕೆ) ಹೋದರೆ ಬಂಗುಡೆ, ಬೂತಾಯಿ ಇನ್ನೂ ಹೊಳೆಯುತ್ತಿರುತ್ತದೆ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ, ಆಗ ಸಣ್ಣ ದೋಣಿಯವರು ತಂದದ್ದೇ ಗತಿ. ರೇಟು ಕೇಳಿ ಸುಮ್ನೆ ಒಣಮೀನು ಹುರಿದುಕೊಳ್ಳುವುದು. ಮೀನಿನ ವಾಸನೆ ಆಗದವರು ವಿದ್ಯಾನಗರದಲ್ಲೇ ಇರಿ.

ಮಂಗಳೂರು ಸುಮಾರು 50 ಕಿಲೋಮೀಟರ್. ನಮ್ಮ ಮನೆಯವರದ್ದು ಸೀಸನ್ ಟಿಕೆಟ್, ರೈಲಲ್ಲಿ ಒಂದು ಗಂಟೆ, ಬಸ್ಸಿಗೆ ಹೋಲಿಸಿದರೆ ಸ್ವರ್ಗ. ಹೈವೇ ಷಟ್ಪಥ ಆಗಿ ಪೇಟೆಯ ಮೇಲೆ ಒಂಟಿ ಕಂಬದ ಮೇಲ್ಸೇತುವೆ ಬಂದಿದೆ, ಹಾದು ಹೋಗುವವರಿಗೆ ಸುಖ. ಕೆಳಗೆ ಓಡಾಡುವ ನಮಗೆ ಈ ಬದಿಯಿಂದ ಆ ಬದಿಗೆ ಹೋಗಲು ಸುತ್ತು ಜಾಸ್ತಿ. ವಯಸ್ಸಾದವರು ಮನೆಯಲ್ಲಿದ್ದರೆ ಒಂದು ಮಾತು. ದೊಡ್ಡ ಕಾಯಿಲೆಗೆ ಕಾಸರಗೋಡಿನವರು ಈಗಲೂ ಮಂಗಳೂರಿಗೇ ಓಡುವುದು. 2020ರ ಮಾರ್ಚ್ ಕೊನೆಗೆ, ಕೊರೊನಾ ಸಮಯದಲ್ಲಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆ್ಯಂಬುಲೆನ್ಸ್‌ಗಳು ತಲಪಾಡಿಯಿಂದ ವಾಪಸು ಬಂದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ನನ್ನ ಅತ್ತೆಗೆ 74 ವರ್ಷ. ಅವರು ಮನೆ ನೋಡಲು ಬಂದಾಗ ಸಮುದ್ರ ಎಲ್ಲಿ ಅಂತ ಕೇಳಲಿಲ್ಲ, ರೈಲ್ವೇ ಸ್ಟೇಷನ್ ಎಷ್ಟು ದೂರ ಅಂತ ಕೇಳಿದರು.

ತುಕ್ಕಿನ ಬಗ್ಗೆ ಬರೆಯದಿದ್ದರೆ ಮಹಾ ಪಾಪ. ಉಪ್ಪು ಗಾಳಿಗೆ ಕಬ್ಬಿಣ ಅಂದರೆ ಹಪ್ಪಳ. ಕಿಟಕಿಯ ಹೊಸ ಗ್ರಿಲ್ಲಿಗೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ಮಗಳ ಸೈಕಲ್ಲಿನ ಚೈನು, ಗ್ಯಾಸ್ ಒಲೆಯ ಕಾಲು, ಹೊರಗಿಟ್ಟ ಎಸಿಯ ಜಾಲರಿ ಎಲ್ಲ ಹಾಗೇ. ಸ್ಟೀಲ್ ಹಾಕಿಸಿದರೆ ಸಾಕು ಅಂದರು, ಗೇಟಿಗೆ 304 ದರ್ಜೆಯ ಸ್ಟೀಲ್ ಹಾಕಿಸಿದೆವು, ಅದರ ಮೇಲೂ ಕಂದು ಚುಕ್ಕೆ ಬಂತು. ಸಮುದ್ರದ ಬದಿಗೆ 316 ಅಂತ ಬೇರೆ ಸ್ಟೀಲ್ ಉಂಟು, ದುಬಾರಿ, ಆದರೆ ಬಾಳಿಕೆ ಬರುವುದು ಅದು. ಕಿಟಕಿಗೆ ಯುಪಿವಿಸಿ ಅಥವಾ ಮರ. ಹಳೇ ಮನೆಯ ಮರದ ಸರಳುಗಳನ್ನು ಕಿತ್ತು ಗ್ರಿಲ್ ಹಾಕಿಸಿದ ಬುದ್ಧಿವಂತರು ನಾವೇ. ಹಳೇ ಮನೆ ಕೊಂಡರೆ ಅಲ್ಲಿ ಇರುವುದನ್ನು ಒಂದು ವರ್ಷ ಮುಟ್ಟಬೇಡಿ, ಕಟ್ಟಿದವರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ.

ಸಮುದ್ರಕ್ಕೆ ತೀರಾ ಹತ್ತಿರ ತೆಗೆದುಕೊಳ್ಳುವ ಆಸೆ ಇರುವವರಿಗೆ. ಭರತದ ಗೆರೆಯಿಂದ 500 ಮೀಟರ್ ತನಕ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಉಂಟು. ನಗರಸಭೆ ವ್ಯಾಪ್ತಿಯಲ್ಲಿ ಸಾಧಾರಣವಾಗಿ ಮೊದಲೇ ಇರುವ ರಸ್ತೆ ಅಥವಾ ಪರವಾನಗಿ ಇರುವ ಮನೆಯ ಒಳಬದಿಗೆ ಕಟ್ಟಲು ಬಿಡುತ್ತಾರೆ, ಸಮುದ್ರದ ಬದಿಗೆ ಬಿಡುವುದಿಲ್ಲ. ಹೊಳೆಯಲ್ಲಿ ಉಪ್ಪುನೀರು ಏರುವ ಕಡೆಯೂ ನಿಯಮ ಬರುತ್ತದೆ, ಚಂದ್ರಗಿರಿ ಹೊಳೆ ಬದಿ ನೋಡುವವರು ಮರೆಯಬೇಡಿ. ಇನ್ನೊಂದು, ಸಮುದ್ರದಿಂದ 50 ಮೀಟರ್ ಒಳಗೆ ಇರುವ ಮೀನುಗಾರ ಕುಟುಂಬಗಳನ್ನು ಬೇರೆ ಕಡೆಗೆ ಕಳಿಸಲು ಸರ್ಕಾರವೇ 'ಪುನರ್ಗೇಹಂ' ಯೋಜನೆಯಲ್ಲಿ ಹತ್ತು ಲಕ್ಷ ಕೊಡುತ್ತದೆ. ಸರ್ಕಾರ ದುಡ್ಡು ಕೊಟ್ಟು ಜನರನ್ನು ಎಬ್ಬಿಸುವ ಜಾಗಕ್ಕೆ ನೀವು ದುಡ್ಡು ಕೊಟ್ಟು ಹೋಗುವುದೇಕೆ?

ಈಗ ಬಾವಿಯ ಕತೆ.

ಮೊದಲ ಬೇಸಿಗೆ, ಫೆಬ್ರವರಿಯಲ್ಲಿ ನೀರು ತಳ ಹಿಡಿಯಿತು. ಬಾವಿ ಕೆಲಸದವರು 'ಎರಡು ರಿಂಗ್ ಕೆಳಗಿಳಿಸಿ, ಬೇಕಾದಷ್ಟು ನೀರು' ಅಂದರು. ಇಳಿಸಿದೆವು. ಬೇಕಾದಷ್ಟು ನೀರು ಬಂತು, ಸುಳ್ಳಲ್ಲ. ಮಾರ್ಚ್ ಎರಡನೇ ವಾರ ಚಹಾ ಒಡೆಯಿತು. ಹಾಲು ಹಾಳಾಗಿದೆ ಅಂತ ಅಂಗಡಿಯವನ ಜೊತೆ ಜಗಳ ಮಾಡಿದೆ, ಪಾಪ. ಮರುದಿನ ಬೇಳೆ ಬೇಯಲಿಲ್ಲ. ಅತ್ತೆ ಒಂದು ಗುಟುಕು ಕುಡಿದು, 'ಇದಕ್ಕೆ ಉಪ್ಪು ಹಾಕುವ ಖರ್ಚು ಉಳಿಯಿತು' ಅಂದರು. ಮೀಟರ್ ತಂದು ನೋಡಿದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 2,300. ಕುಡಿಯುವ ನೀರಿಗೆ 500 ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 2,000 ತನಕ.

ಹೊಯ್ಗೆಯ (ಮರಳಿನ) ನೆಲದಲ್ಲಿ ಏನಾಗುತ್ತದೆ ಅಂದರೆ, ಮಳೆಯ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ, ಸಿಹಿನೀರು ಹಗುರ ಅಲ್ವಾ. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ಇದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಉಂಟು ಅಂತ ಲೆಕ್ಕ. ಕೇಳಲು ಖುಷಿ. ಅದೇ ಲೆಕ್ಕ ಉಲ್ಟಾ ಹಾಕಿ, ಪಂಪಿನಿಂದ ಮೇಲಿನ ನೀರು ಒಂದಡಿ ಇಳಿಸಿದರೆ ಉಪ್ಪುನೀರು ಹತ್ತಿರ ಹತ್ತಿರ 40 ಅಡಿ ಮೇಲೇಳುತ್ತದೆ. ನಾವು ಒಂದು ಎಚ್‌ಪಿ ಮೋಟಾರು ಹಾಕಿ ದಿನಾ ಟ್ಯಾಂಕ್ ತುಂಬಿಸುತ್ತಿದ್ದೆವು, ಮೇಲಿಂದ ಬಾವಿಯನ್ನೂ ಆಳ ಮಾಡಿದ್ದೆವು. ಉಪ್ಪಿಗೆ ನಾವೇ ದಾರಿ ತೋರಿಸಿದ ಹಾಗಾಯಿತು. ಆರ್‌ಓ ಮಷಿನ್ ಇಟ್ಟೆವು. ಅದು ಒಂದು ಕೊಡ ಸಿಹಿನೀರಿಗೆ ಎರಡು ಕೊಡ ಇನ್ನೂ ಉಪ್ಪಾದ ನೀರು ಹೊರಗೆ ಬಿಡುತ್ತದೆ. ಅದನ್ನು ಮಲ್ಲಿಗೆ ಬುಡಕ್ಕೆ ಹಾಕಿದೆ, ಮಲ್ಲಿಗೆ ಸತ್ತಿತು. ನಳ್ಳಿ ನೀರು ಉಂಟು, ಆದರೆ ದಿನದ ಎಲ್ಲ ಹೊತ್ತೂ ಇಲ್ಲ. ಅದಾದರೂ ಈಗ ಪರವಾಗಿಲ್ಲ. ಪೇಟೆಗೆ ನೀರು ಬರುವುದು ಪಯಸ್ವಿನಿಯ ಬಾವಿಕ್ಕೆರೆಯಿಂದ. ಅಲ್ಲಿ ಶಾಶ್ವತ ಅಣೆಕಟ್ಟು ಆಗುವ ಮೊದಲು ಬೇಸಿಗೆಯಲ್ಲಿ ಸಮುದ್ರದ ನೀರು ಹೊಳೆಯಲ್ಲಿ ಅಲ್ಲಿಯ ತನಕ ಏರಿ ನಳ್ಳಿಯಲ್ಲೂ ಉಪ್ಪು ಬರುತ್ತಿತ್ತು. ಹಳಬರು ಆ ಕತೆ ಹೇಳಿ ನಮಗೆ ಸಮಾಧಾನ ಮಾಡುತ್ತಾರೆ.

ಆ ಏಪ್ರಿಲ್‌ನಲ್ಲಿ ಒಂದು ದಿನ ಮೂಡು ಬದಿಯ ಮನೆಯ ಉಮ್ಮ ಬೇಲಿಯ ಹತ್ತಿರ ನಿಂತು, 'ಟೀಚರೇ, ಕೊಡ ತಂದು ನೀರು ತೆಗೆದುಕೊಂಡು ಹೋಗಿ, ನಾಚಿಕೆ ಎಂಥದ್ದು' ಅಂದರು. ಅವರದ್ದು ಮಲಯಾಳ, ನನ್ನದು ತುಳು, ಆದರೂ ಕೊಡ ಅಂದರೆ ಕೊಡವೇ. ಅವರ ಬಾವಿ ನಮ್ಮದಕ್ಕಿಂತ ಆಳ ಕಡಿಮೆ, ಪಂಪ್ ಇಲ್ಲ, ಹಗ್ಗ ಕಪ್ಪಿ. ಮೀಟರ್ ಹಾಕಿದರೆ 180. ಬಾವಿಕಟ್ಟೆಯಲ್ಲಿ ನಿಂತು ಹಗ್ಗ ಎಳೆಯುವಾಗ ನನಗೆ 1941ರ ಆ ಸಾಲು ನೆನಪಾಯಿತು. ಮೂಡು ಬದಿ. ಸೆಖೆಗಾಲ. ಕುಡಿಯುವ ನೀರು. ನಮ್ಮ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತದೆ ಅಂತ ಕಾಗದದಲ್ಲೇ ಬರೆದಿಟ್ಟಿದ್ದರು, ಅದೂ ಅಚ್ಚ ಕನ್ನಡದಲ್ಲಿ. ಕನ್ನಡ ಟೀಚರ್ ಆದ ನಾನು ಅದನ್ನು ಜೋರಾಗಿ ಓದಿ 'ಬೇಡ' ಅಂದಿದ್ದೆ. ಉಮ್ಮನಿಗೆ ಈ ಹಕ್ಕಿನ ವಿಷಯ ಹೇಳಿದೆ. 'ನೀರು ಕೊಡಲು ಕಾಗದ ಯಾಕೆ?' ಅಂದು ಇನ್ನೊಂದು ಕೊಡ ಸೇದಿ ಕೊಟ್ಟರು.

ಎರಡನೇ ಬೇಸಿಗೆಗೆ ಸ್ವಲ್ಪ ಬುದ್ಧಿ ಬಂತು. ಇಳಿಸಿದ ಎರಡು ರಿಂಗಿನ ಜಾಗಕ್ಕೆ ಹೊಯ್ಗೆ ತುಂಬಿಸಿದೆವು. ಅರ್ಧ ಎಚ್‌ಪಿ ಮೋಟಾರು, ದಿನಕ್ಕೆ ಎರಡು ಸಲ, ಕಾಲು ಗಂಟೆ ಮಾತ್ರ. ಮಾಡಿನ (ಛಾವಣಿಯ) ನೀರನ್ನೆಲ್ಲ ಪೈಪಿನಲ್ಲಿ ತಂದು, ಜಲ್ಲಿ ಹೊಯ್ಗೆ ಹಾಕಿದ ಡ್ರಮ್ಮಿನಲ್ಲಿ ಸೋಸಿ ಬಾವಿಗೆ ಬಿಟ್ಟೆವು. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು, ಸಾವಿರ ಚದರ ಅಡಿ ಮಾಡಿನಿಂದ ಮೂರು ಲಕ್ಷ ಲೀಟರಿಗೆ ಮೋಸ ಇಲ್ಲ. ಈ ಸಲ ಉಪ್ಪು ಬಂದದ್ದು ಏಪ್ರಿಲ್ ಕೊನೆಗೆ. ಒಂದು ತಿಂಗಳು ಉಮ್ಮನ ಬಾವಿ, ಅಷ್ಟೇ. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು, ಕುಡಿಯುವ ಬಾವಿಗೂ ಶೌಚದ ಗುಂಡಿಗೂ ಏಳೂವರೆ ಮೀಟರ್ ಅಂತರ ಇರಬೇಕು ಅಂತ ನಿಯಮ. ಮೂರು ನಾಲ್ಕು ಸೆಂಟ್ಸಿನ ಜಾಗಗಳಲ್ಲಿ ಆ ಅಂತರ ಎಲ್ಲಿಂದ ಸಿಗುತ್ತದೆ, ಅದರಲ್ಲೂ ಪಕ್ಕದವರ ಗುಂಡಿ ನಿಮ್ಮ ಬಾವಿಯ ಬದಿಗೇ ಇದ್ದರೆ? ಟೇಪು ಹಿಡಿದು ಅಳೆಯಿರಿ, ಯಾರಾದರೂ ನಕ್ಕರೆ ನಗಲಿ.

ನಮ್ಮ ಓಣಿಯ ಕೊನೆಯಲ್ಲಿ ಇನ್ನೊಂದು ಮನೆ ಮಾರಾಟಕ್ಕೆ ಬಂದಿದೆ. ಐದು ಸೆಂಟ್ಸ್, ಹೆಂಚಿನ ಮನೆ, ಬಾವಿ ಉಂಟು. ಚಿಕ್ಕಮ್ಮನ ಮಗ ಕ್ರಿಸ್‌ಮಸ್ ರಜೆಯಲ್ಲಿ ಬಂದು ನೋಡುತ್ತೇನೆ ಅಂದಿದ್ದಾನೆ. ಬೇಡ, ಏಪ್ರಿಲ್ ಕೊನೆಗೆ ಬಾ, ಎಳನೀರು ನಾನೇ ಕೊಡಿಸುತ್ತೇನೆ, ಬಾವಿಯ ನೀರು ಕುಡಿದ ಮೇಲೆ, ಅಂತ ಹೇಳಿದ್ದೇನೆ.